ಮೊದಲ ಪೋರ್ಟ್‌ಫೋಲಿಯೊ ಶೂಟ್: ಕ್ಯಾಮೆರಾ ಮುಂದೆ ನಿಲ್ಲುವ ಮೊದಲು ಮುಗಿಸಬೇಕಾದ ಕೆಲಸಗಳು

ಬೆಂಗಳೂರಿನಲ್ಲಿ ಹೊಸ ಮಾಡೆಲ್‌ಗಳ ಶೂಟ್‌ಗಳಿಗೆ ಮೇಕಪ್ಪು, ಬಟ್ಟೆ ಎರಡನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ಸಲ ಬರುವವರೆಲ್ಲ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಪೋಸ್ ಹೇಗೆ ಕೊಡೋದು?" ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಪೋಸನ್ನು ಫೋಟೋಗ್ರಾಫರ್ ಅಲ್ಲೇ ಹೇಳಿಕೊಡುತ್ತಾರೆ. ಆದರೆ ಇಸ್ತ್ರಿ ಕಾಣದ ಬಟ್ಟೆ, ನಿನ್ನೆ ಮಾಡಿಸಿದ ಫೇಶಿಯಲ್‌ನಿಂದ ಕೆಂಪಾದ ಕೆನ್ನೆ, ಫೋಟೋ ಯಾರದ್ದು ಅನ್ನುವ ಜಗಳ, ಇವನ್ನೆಲ್ಲ ಆ ದಿನ ಯಾರೂ ಸರಿ ಮಾಡಲಾರರು. ಹಾಗಾಗಿ ಎರಡು ವಾರ ಮೊದಲೇ ಶುರು ಮಾಡಿ.

ಈ ಫೋಟೋ ಯಾರಿಗೆ ತೋರಿಸಬೇಕು?

ಪೋರ್ಟ್‌ಫೋಲಿಯೊ ಅಂದರೆ ಕೆಲಸ ಕೇಳುವಾಗ ತೋರಿಸುವ ನಿಮ್ಮ ಫೋಟೋಗಳ ಸಂಗ್ರಹ. ಅದನ್ನು ಯಾರಿಗೆ ತೋರಿಸಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ. ಬಟ್ಟೆ, ಜಾಗ, ಮೇಕಪ್ಪು ಎಲ್ಲವೂ ಇದರ ಮೇಲೆ ನಿಂತಿದೆ.

ಮಾಡೆಲಿಂಗ್ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ರ‍್ಯಾಂಪ್. ಆದರೆ ಹೊಸಬರಿಗೆ ಮೊದಲು ಸಿಗುವ ಕೆಲಸ ಸಾಮಾನ್ಯವಾಗಿ ಅದಲ್ಲ. ಮಿಂತ್ರಾ, ಫ್ಲಿಪ್‌ಕಾರ್ಟ್‌ನಂಥ ಕಂಪನಿಗಳ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ಆನ್‌ಲೈನ್‌ನಲ್ಲಿ ಬಟ್ಟೆ ಮಾರುವ ಸಣ್ಣಪುಟ್ಟ ಬ್ರ್ಯಾಂಡ್‌ಗಳೂ ಬೇಕಾದಷ್ಟಿವೆ. ಇವರಿಗೆ ಬೇಕಾಗಿರುವುದು ಕ್ಯಾಟಲಾಗ್ ಮಾಡೆಲ್‌ಗಳು. ಬಿಳಿ ಗೋಡೆ ಮುಂದೆ ನಿಂತು ಕುರ್ತಾ ಹಾಕಿ, ಬಿಚ್ಚಿ, ಇನ್ನೊಂದು ಹಾಕಿ, ಸಂಜೆವರೆಗೂ ಅದೇ ನಗು ಉಳಿಸಿಕೊಳ್ಳುವ ಕೆಲಸ ಅದು. ಅದು ಬಿಟ್ಟರೆ ರೇಷ್ಮೆ ಸೀರೆ ಅಂಗಡಿ, ಒಡವೆ ಅಂಗಡಿಗಳ ಜಾಹೀರಾತು. ರ‍್ಯಾಂಪಿಗೆ ಸಾಮಾನ್ಯವಾಗಿ ಹೆಣ್ಣುಮಕ್ಕಳಲ್ಲಿ 5 ಅಡಿ 7-8 ಅಂಗುಲ, ಗಂಡುಮಕ್ಕಳಲ್ಲಿ 6 ಅಡಿ ಆಸುಪಾಸಿನ ಎತ್ತರ ಕೇಳುತ್ತಾರೆ. ಜಾಹೀರಾತು, ಕ್ಯಾಟಲಾಗ್‌ಗಳಲ್ಲಿ ಅಷ್ಟು ಬಿಗಿ ಇಲ್ಲ.

ನೀವು 5 ಅಡಿ 3 ಅಂಗುಲ ಇದ್ದೀರಿ, ನಗು ಚೆನ್ನಾಗಿದೆ ಅಂದುಕೊಳ್ಳಿ. ಆಗ ಹೊಗೆ ಎಬ್ಬಿಸಿ, ಕಪ್ಪು ಲಿಪ್‌ಸ್ಟಿಕ್ ಹಚ್ಚಿ, ಪಾಳು ಕಟ್ಟಡದಲ್ಲಿ ತೆಗೆಸಿದ ಫೋಟೋಗಳಿಂದ ಏನು ಪ್ರಯೋಜನ? ಇನ್‌ಸ್ಟಾಗ್ರಾಮಿನಲ್ಲಿ ಲೈಕ್ ಬೀಳಬಹುದು, ಕೆಲಸ ಬರುವುದಿಲ್ಲ. ಮೊದಲ ಪೋರ್ಟ್‌ಫೋಲಿಯೊಗೆ ಮೂರು ನಾಲ್ಕು ಲುಕ್ ಸಾಕು: ಸಾದಾ ಟೀ ಶರ್ಟ್ ಮತ್ತು ಜೀನ್ಸ್, ಒಂದು ಸೀರೆ ಅಥವಾ ಕುರ್ತಾ, ಆಫೀಸಿಗೆ ಹೋಗುವವರ ಥರದ್ದು ಒಂದು. ಇನ್ನೊಂದು ನಿಮ್ಮ ಇಷ್ಟದ್ದು. ಹೊಗೆ ಬೇಕೇ ಬೇಕು ಅಂದರೆ ಅದನ್ನು ಈ ನಾಲ್ಕನೆಯದರಲ್ಲಿ ಇಟ್ಟುಕೊಳ್ಳಿ.

ದುಡ್ಡು ಕೊಡುವ ಮೊದಲು ಮೊಬೈಲಿನಲ್ಲಿ ತೆಗೆದುಕೊಳ್ಳಿ

ಮಾಡೆಲ್‌ಗಳಿಗೆ ಕೆಲಸ ಕೊಡಿಸುವ ಏಜೆನ್ಸಿಗಳು ಮೊದಲು ಕೇಳುವುದು 'ಪೋಲರಾಯ್ಡ್ಸ್' ಅಥವಾ 'ಡಿಜಿಟಲ್ಸ್'. ಅಂದರೆ ಮೇಕಪ್ ಇಲ್ಲದ, ಎಡಿಟ್ ಇಲ್ಲದ ಸಾದಾ ಫೋಟೋಗಳು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಬೆಳಗ್ಗೆ ಕಿಟಕಿ ಎದುರು ನಿಲ್ಲಿ. ಹಿಂದೆ ಖಾಲಿ ಗೋಡೆ ಇರಲಿ, ಕ್ಯಾಲೆಂಡರ್, ದೇವರ ಫೋಟೋ ಯಾವುದೂ ಬೇಡ. ಮೈಗೆ ಹೊಂದುವ ಕಪ್ಪು ಟೀ ಶರ್ಟ್, ಜೀನ್ಸ್ ಸಾಕು. ತಂಗಿಯ ಕೈಗೋ ಗೆಳೆಯನ ಕೈಗೋ ಫೋನ್ ಕೊಟ್ಟು ಹಿಂದಿನ ಕ್ಯಾಮೆರಾದಲ್ಲಿ ತೆಗೆಸಿ: ಎದುರಿನಿಂದ, ಎರಡೂ ಪಕ್ಕದಿಂದ, ಹಿಂದಿನಿಂದ, ತಲೆಯಿಂದ ಕಾಲಿನವರೆಗೆ ಪೂರ್ತಿ, ಮುಖ ಮಾತ್ರ. ನಗುತ್ತಾ ಒಂದು, ನಗದೆ ಒಂದು.

ಮುಖಕ್ಕೆ ತೀರಾ ಹತ್ತಿರ ಬಂದು ತೆಗೆಯುವುದು ಬೇಡ. ಫೋನಿನ ಮಾಮೂಲಿ ಲೆನ್ಸ್ ಅಗಲ ದೃಷ್ಟಿಯದ್ದು. ಅಷ್ಟು ಹತ್ತಿರದಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ 2ಎಕ್ಸ್ ಜೂಮ್‌ಗೆ ಹಾಕಿ ತೆಗೆದರೆ ಮುಖ ಇದ್ದ ಹಾಗೆ ಬರುತ್ತದೆ.

ಈ ಫೋಟೋಗಳನ್ನು ನೋಡಿದರೆ ನಿಮಗೇ ಕೆಲವು ವಿಷಯ ಗೊತ್ತಾಗುತ್ತದೆ. ಯಾವ ಪಕ್ಕ ಚೆನ್ನಾಗಿ ಬರುತ್ತದೆ, ಭುಜ ಕುಗ್ಗಿಸಿ ನಿಲ್ಲುತ್ತೀರಾ, ನಕ್ಕಾಗ ಕಣ್ಣು ಮುಚ್ಚಿಹೋಗುತ್ತಾ ಅಂತ. ಫೋಟೋಗ್ರಾಫರ್‌ಗೂ ಇವನ್ನೇ ಮೊದಲು ಕಳಿಸಿ.

ಫೋಟೋಗ್ರಾಫರ್ ಆರಿಸುವುದು

ಎರಡು ದಾರಿ ಇದೆ. ಒಂದು, ದುಡ್ಡು ಕೊಟ್ಟು ತೆಗೆಸುವುದು. ಇನ್ನೊಂದು 'ಕೊಲ್ಯಾಬ್': ಫೋಟೋಗ್ರಾಫರ್‌ಗೂ ಫೋಟೋ ಬೇಕು, ನಿಮಗೂ ಬೇಕು, ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ. ಕೊಲ್ಯಾಬ್ ಕೆಟ್ಟದ್ದೇನಲ್ಲ. ಆದರೆ ಅಲ್ಲಿ ಫೋಟೋಗ್ರಾಫರ್ ತನಗೆ ಬೇಕಾದ ಫೋಟೋ ತೆಗೆಯುತ್ತಾನೆ, ನಿಮಗೆ ಬೇಕಾದದ್ದಲ್ಲ. ಒಂದೆರಡು ಕೊಲ್ಯಾಬ್‌ನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ದುಡ್ಡು ಕೊಟ್ಟು ತೆಗೆಸುವುದು ಒಳ್ಳೆಯದು.

ಫೋಟೋಗ್ರಾಫರ್ ಪುಟದಲ್ಲಿ ಬರೀ ಹೆಸರಾಂತ ಮಾಡೆಲ್‌ಗಳೇ ಇದ್ದರೆ ಅದರಿಂದ ಜಾಸ್ತಿ ತಿಳಿಯುವುದಿಲ್ಲ. ಅನುಭವ ಇದ್ದವರನ್ನು ಯಾರು ತೆಗೆದರೂ ಚೆನ್ನಾಗಿ ಬರುತ್ತಾರೆ. ಹೊಸಬರನ್ನು ಹೇಗೆ ತೆಗೆದಿದ್ದಾರೆ ನೋಡಿ. ನಿಮ್ಮ ಮೈಬಣ್ಣದವರ ಫೋಟೋ ಹುಡುಕಿ. ಕಪ್ಪಗಿರುವವರನ್ನು ಎಲ್ಲ ಫೋಟೋಗಳಲ್ಲೂ ಬೂದಿ ಬಣ್ಣಕ್ಕೋ ಕೇಸರಿ ಬಣ್ಣಕ್ಕೋ ತಿರುಗಿಸಿದ್ದರೆ ಅವರಿಗೆ ಬೆಳಕು ಕೂರಿಸಲು ಬರುವುದಿಲ್ಲ ಅಂತಲೇ ಅರ್ಥ. ಅವರ ಜೊತೆ ಕೆಲಸ ಮಾಡಿದ ಒಬ್ಬಿಬ್ಬರು ಮಾಡೆಲ್‌ಗಳಿಗೆ ಮೆಸೇಜ್ ಮಾಡಿ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಇಲ್ಲಿ ಮೋಸದ ಮಾತನ್ನೂ ಹೇಳಿಬಿಡುತ್ತೇನೆ. "ನಿಮ್ಮನ್ನು ಸೆಲೆಕ್ಟ್ ಮಾಡಿದ್ದೇವೆ, ರಿಜಿಸ್ಟ್ರೇಶನ್ ಫೀಸ್ ಕಟ್ಟಿ, ಪೋರ್ಟ್‌ಫೋಲಿಯೊ ನಮ್ಮ ಫೋಟೋಗ್ರಾಫರ್ ಹತ್ತಿರವೇ ಮಾಡಿಸಬೇಕು" ಅಂದರೆ ಅಲ್ಲಿಂದಲೇ ನಮಸ್ಕಾರ ಹೇಳಿ. ಸರಿಯಾದ ಏಜೆನ್ಸಿ ದುಡಿಯುವುದು ನಿಮಗೆ ಬಂದ ಕೆಲಸದ ಕಮಿಷನ್‌ನಿಂದ, ನಿಮ್ಮ ಜೇಬಿನಿಂದಲ್ಲ.

"ಜೊತೆಗೆ ಯಾರನ್ನೂ ಕರ್ಕೊಂಡು ಬರಬೇಡಿ, ಎಕ್ಸ್‌ಪ್ರೆಶನ್ ಬರಲ್ಲ" ಅನ್ನುವವರ ಶೂಟ್‌ಗೆ ಹೋಗಲೇಬೇಡಿ. ಅಕ್ಕ, ಅಣ್ಣ, ಗೆಳತಿ ಯಾರಾದರೂ ಒಬ್ಬರು ಸ್ಟುಡಿಯೋದ ಮೂಲೆಯಲ್ಲಿ ಸುಮ್ನೆ ಕೂತಿರಲಿ. ಅವರು ನಡುನಡುವೆ "ನಗು, ನಗು" ಅಂತ ಕೂಗದಿದ್ದರೆ ಸಾಕು.

ಎಲ್ಲ ಬರವಣಿಗೆಯಲ್ಲಿರಲಿ

ದೊಡ್ಡ ಕರಾರು ಪತ್ರವೇ ಆಗಬೇಕೆಂದಿಲ್ಲ, ವಾಟ್ಸಾಪ್ ಮೆಸೇಜ್ ಆದರೂ ಆಯಿತು. ಎಷ್ಟು ಗಂಟೆ, ಎಷ್ಟು ಲುಕ್, ಎಡಿಟ್ ಮಾಡಿದ ಎಷ್ಟು ಫೋಟೋ, ಯಾವ ತಾರೀಖಿಗೆ ಸಿಗುತ್ತದೆ. ಸ್ಟುಡಿಯೋ ಬಾಡಿಗೆ, ಮೇಕಪ್ ಖರ್ಚು ಇದರಲ್ಲೇ ಸೇರಿದೆಯಾ? ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ? ಎಂಥ ಬಟ್ಟೆ ಹಾಕುತ್ತೀರಿ, ಎಂಥದ್ದು ಹಾಕುವುದಿಲ್ಲ ಅನ್ನುವುದನ್ನೂ ಬರೆದುಬಿಡಿ. ಬರೆದದ್ದು ಇದ್ದರೆ ಆ ದಿನ "ಇದೊಂದು ಹಾಕಿ ನೋಡೋಣ" ಅಂದಾಗ ಬೇಡ ಅನ್ನುವುದು ಸುಲಭ.

ಫೋಟೋದ ಹಕ್ಕು ಯಾರದ್ದು ಅನ್ನುವುದರಲ್ಲಿ ಬಹಳ ಜನ ಗೊಂದಲದಲ್ಲಿರುತ್ತಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಫೋಟೋ ತೆಗೆದವರೇ ಅದರ ಮೊದಲ ಮಾಲೀಕರು. ಆದರೆ ಯಾರಾದರೂ ದುಡ್ಡು ಕೊಟ್ಟು ತಮಗಾಗಿ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವರೇ ಮಾಲೀಕರು. ಅಂದರೆ ನೀವು ದುಡ್ಡು ಕೊಟ್ಟು ಮಾಡಿಸಿದ ಪೋರ್ಟ್‌ಫೋಲಿಯೊ ನಿಮ್ಮದು, ಕೊಲ್ಯಾಬ್‌ನಲ್ಲಿ ತೆಗೆದದ್ದು ಫೋಟೋಗ್ರಾಫರ್‌ದು. 'ಬೇರೆ ಒಪ್ಪಂದ ಇಲ್ಲದಿದ್ದಲ್ಲಿ' ಅನ್ನುವುದೇ ಇಲ್ಲಿನ ಮುಖ್ಯ ಮಾತು. ಫೋಟೋ ಬಳಸಲು ನಿಮ್ಮ ಒಪ್ಪಿಗೆ ಕೇಳಿ ಕೈಗೆ ಕೊಡುವ ರಿಲೀಸ್ ಫಾರಂನಲ್ಲಿ ಆ ಬೇರೆ ಒಪ್ಪಂದ ಸಣ್ಣ ಅಕ್ಷರದಲ್ಲಿ ಕೂತಿರಬಹುದು. "ಯಾವುದೇ ಉದ್ದೇಶಕ್ಕೆ, ಶಾಶ್ವತವಾಗಿ, ಮೂರನೆಯವರಿಗೆ ಕೊಡುವ ಹಕ್ಕಿನೊಂದಿಗೆ" ಅಂತಿದ್ದರೆ ನಾಳೆ ನಿಮ್ಮ ಮುಖ ಯಾವುದೋ ತೂಕ ಇಳಿಸುವ ಪುಡಿಯ ಡಬ್ಬಿ ಮೇಲೆ ಬಂದರೂ ಕೇಳುವುದು ಕಷ್ಟ. "ಇಬ್ಬರೂ ತಮ್ಮ ಕೆಲಸ ತೋರಿಸಿಕೊಳ್ಳಲು ಮಾತ್ರ ಬಳಸಬಹುದು, ಮಾರಬೇಕಾದರೆ ಕೇಳಬೇಕು, ಎಐ ಚಿತ್ರ ಮಾಡಲು ಬಳಸಬಾರದು" ಅಂತ ತಿದ್ದಿಸಿ. ಕೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ.

18 ತುಂಬದವರು ಸಹಿ ಹಾಕಿದ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಅಪ್ಪ ಅಮ್ಮ ಸಹಿ ಹಾಕಬೇಕು, ಶೂಟ್ ಮುಗಿಯುವವರೆಗೂ ಅವರಲ್ಲೊಬ್ಬರು ಅಲ್ಲೇ ಇರಬೇಕು.

ಹಾಗೇ ರಾ ಫೈಲ್ (ಕ್ಯಾಮೆರಾದಿಂದ ಬಂದ, ಎಡಿಟ್ ಮಾಡದ ಮೂಲ ಫೈಲ್) ಕೊಡಿ ಅಂತ ಜಗಳ ಆಡಬೇಡಿ. ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ, ನಿಮಗೆ ಅದರಿಂದ ಉಪಯೋಗವೂ ಇಲ್ಲ.

ಜಾಗ

ಮೊದಲ ಶೂಟ್ ಆದಷ್ಟು ಸ್ಟುಡಿಯೋದಲ್ಲೇ ಇರಲಿ. ಬಟ್ಟೆ ಬದಲಿಸಲು ಕೋಣೆ ಇರುತ್ತದೆ, ಮಳೆಯ ಚಿಂತೆ ಇಲ್ಲ, ನಿಂತು ನೋಡುವ ಜನ ಇಲ್ಲ. ಹೊರಗೆ ತೆಗೆಸುವುದಾದರೆ ಅನುಮತಿಯ ವಿಷಯ ಮೊದಲೇ ಕೇಳಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ತೋಟಗಾರಿಕೆ ಇಲಾಖೆಯವು. ದೊಡ್ಡ ಕ್ಯಾಮೆರಾ, ರಿಫ್ಲೆಕ್ಟರ್ ಹಿಡಿದು ನಿಂತರೆ ಸೆಕ್ಯುರಿಟಿಯವರು ಬಂದು ಪರ್ಮಿಷನ್ ಕೇಳುತ್ತಾರೆ. ಹಂಪಿ, ಬೇಲೂರಿನಂಥ ಕಡೆ ಪುರಾತತ್ವ ಇಲಾಖೆಯ ನಿಯಮ ಇನ್ನೂ ಬಿಗಿ. ಹೊರಗಿನ ಬೆಳಕು ಚೆನ್ನಾಗಿರುವುದು ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ. ಬೆಂಗಳೂರಿನಲ್ಲಿ ಜನವರಿಯಲ್ಲಿ ಸೂರ್ಯ ಕಾಣುವುದೇ ಸುಮಾರು 6:45ಕ್ಕೆ, ಜೂನ್‌ನಲ್ಲಿ 6ಕ್ಕೂ ಸ್ವಲ್ಪ ಮುಂಚೆ. ಅದರ ಹಿಂದೆ ಒಂದೂವರೆ ಗಂಟೆ ಮೇಕಪ್ ಸೇರಿಸಿ ಲೆಕ್ಕ ಹಾಕಿ, ಎಷ್ಟು ಗಂಟೆಗೆ ಏಳಬೇಕು ಅಂತ ಗೊತ್ತಾಗುತ್ತದೆ.

ಬಟ್ಟೆ

ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಬೆಲೆ ಮುಖ್ಯ ಅಲ್ಲ, ಅಳತೆ ಮುಖ್ಯ. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಚೌಕಾಸಿ ಮಾಡಿ ತಂದ ಶರ್ಟ್ ಭುಜಕ್ಕೆ ಸರಿಯಾಗಿ ಕೂತರೆ ಮಾಲ್‌ನ ಶರ್ಟಿಗಿಂತ ಚೆನ್ನಾಗಿ ಬರುತ್ತದೆ. ಕ್ಯಾಟಲಾಗ್ ಫೋಟೋದಲ್ಲಿ ಬ್ಲೇಜರ್ ಅಷ್ಟು ಅಚ್ಚುಕಟ್ಟಾಗಿ ಹೇಗೆ ಕೂತಿದೆ ಅಂತ ಅಂದುಕೊಂಡಿದ್ದೀರಲ್ವಾ? ಹಿಂದೆ ತಿರುಗಿಸಿ ನೋಡಿದರೆ ಬೆನ್ನುದ್ದಕ್ಕೂ ಕ್ಲಿಪ್ಪು. ಆಫೀಸಿನಲ್ಲಿ ಫೈಲ್‌ಗೆ ಹಾಕುವ ಕಪ್ಪು ಬೈಂಡರ್ ಕ್ಲಿಪ್ ಇರುತ್ತದಲ್ಲ, ಅದೇ. ಆರೇಳು ತಂದಿಟ್ಟುಕೊಳ್ಳಿ. ಸಡಿಲ ಇರುವ ಬ್ಲೌಸು, ಶರ್ಟು, ಪ್ಯಾಂಟಿನ ಸೊಂಟ, ಎಲ್ಲಕ್ಕೂ ಹಿಂದಿನಿಂದ ಹಾಕಿದರೆ ಮುಂದೆ ಟೈಲರ್ ಹೊಲಿದ ಹಾಗೆ ಕಾಣುತ್ತದೆ. ಬಿಗಿಯಾದ ಬಟ್ಟೆಗೆ ಮಾತ್ರ ಯಾವ ಉಪಾಯವೂ ಇಲ್ಲ.

ಸಣ್ಣ ಸಣ್ಣ ಗೆರೆ, ಒತ್ತೊತ್ತಾದ ಚೌಕುಳಿ ಬೇಡ. ಅಂಥ ಬಟ್ಟೆಯ ಮೇಲೆ ಕ್ಯಾಮೆರಾದಲ್ಲಿ ನೀರಿನ ಅಲೆಯಂಥ ವಿಚಿತ್ರ ಪಟ್ಟಿಗಳು ಮೂಡುತ್ತವೆ, ತೆಗೆಯುವುದು ತಲೆನೋವು. ಎದೆ ಮೇಲೆ ದೊಡ್ಡ ಲೋಗೋ, ಬರಹ ಬೇಡ. ಅಚ್ಚ ಬಿಳಿ, ಕಡುಗಪ್ಪು ಎರಡೂ ಹೊಸ ಫೋಟೋಗ್ರಾಫರ್‌ಗೆ ಕಷ್ಟ. ಮೆಂತ್ಯೆ ಹಳದಿ, ಇಟ್ಟಿಗೆ ಕೆಂಪು, ನೀಲಿ, ಪಾಚಿ ಹಸಿರು ನಮ್ಮ ಮೈಬಣ್ಣಗಳಿಗೆ ಚೆನ್ನಾಗಿ ಒಪ್ಪುತ್ತವೆ.

ಸೀರೆ ಉಡುವುದಾದರೆ ಮೈಸೂರು ಸಿಲ್ಕ್‌ನಂತೆ ಮೈಗೆ ಇಳಿಯುವ ಸೀರೆ ಆರಿಸಿ. ಗಂಜಿ ಹಾಕಿದ ಕಾಟನ್ ಸೊಂಟದಲ್ಲಿ ಉಬ್ಬುತ್ತದೆ. ಫಾಲ್ ಹೊಲಿಸಿರಲೇಬೇಕು, ಇಲ್ಲದಿದ್ದರೆ ಕೆಳಗೆ ನೆರಿಗೆ ನಿಲ್ಲುವುದಿಲ್ಲ. ಲಾಡಿ ಕಟ್ಟುವ ಲಂಗದ ಗಂಟು ನೆರಿಗೆಯ ಕೆಳಗೆ ಗುಪ್ಪೆಯಾಗಿ ಕಾಣುತ್ತದೆ. ಎಲಾಸ್ಟಿಕ್ ಇರುವ ಸೀರೆ ಶೇಪರ್ ತಂದರೆ ಆ ತೊಂದರೆ ಇಲ್ಲ. ಹಿಂದಿನ ದಿನವೇ ಸೆರಗಿನ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಪಿನ್ ಹಾಕಿ ಹ್ಯಾಂಗರ್‌ಗೆ ಹಾಕಿಟ್ಟರೆ ಸ್ಟುಡಿಯೋದಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕ ಅನ್ನುವುದು ನೆನಪಿರಲಿ.

ಒಳ ಉಡುಪು ನಿಮ್ಮ ಮೈಬಣ್ಣದ್ದು, ಅಂಚು ಕಾಣದ್ದು ತನ್ನಿ. ಬಿಳಿ ಬಟ್ಟೆಯ ಕೆಳಗೆ ಬಿಳಿ ಹಾಕಿದರೆ ಎದ್ದು ಕಾಣುತ್ತದೆ, ಮೈಬಣ್ಣದ್ದು ಕಾಣುವುದಿಲ್ಲ. ಎಲ್ಲವನ್ನೂ ಮನೆಯಲ್ಲೇ ಒಮ್ಮೆ ಹಾಕಿ, ಕೂತು, ಎದ್ದು, ಕೈ ಎತ್ತಿ ಫೋಟೋ ತೆಗೆದು ನೋಡಿ. ಆಮೇಲೆ ಇಸ್ತ್ರಿ. ಬ್ಯಾಗಿಗೆ ಮಡಚಿ ತುರುಕಿದರೆ ಇಸ್ತ್ರಿ ಮಾಡಿದ್ದು ದಂಡ. ಹ್ಯಾಂಗರ್ ಸಮೇತ ಕವರ್‌ನಲ್ಲಿ ತನ್ನಿ. ಚಪ್ಪಲಿ, ಶೂಗಳ ಅಟ್ಟೆಯನ್ನೂ ಒರೆಸಿ, ಬಿಳಿ ಬ್ಯಾಕ್‌ಡ್ರಾಪ್ ಮೇಲೆ ಮಣ್ಣಿನ ಹೆಜ್ಜೆ ಬಿದ್ದರೆ ಎಲ್ಲರ ಮುಖವೂ ಗಂಟಾಗುತ್ತದೆ.

ಚರ್ಮ, ಕೂದಲು, ಉಗುರು

ಹೊಸದೇನನ್ನೂ ಕೊನೆಯ ವಾರ ಮಾಡಬೇಡಿ. ಹೊಸ ಕ್ರೀಮ್, ಹೊಸ ಫೇಸ್ ಪ್ಯಾಕ್, ಯಾರೋ ಹೇಳಿದ ನಿಂಬೆರಸ, ಯಾವುದೂ ಬೇಡ. ಫೇಶಿಯಲ್ ಬೇಕಾದರೆ ಒಂದು ವಾರ ಮೊದಲೇ ಮುಗಿಸಿ. ಹೇರ್‌ಕಟ್ಟೂ ಅಷ್ಟೇ, ಒಂದು ವಾರಕ್ಕೆ ಅದು ಮುಖಕ್ಕೆ ಹೊಂದಿಕೊಳ್ಳುತ್ತದೆ. ಹುಬ್ಬು ತೆಗೆಸುವುದು, ವ್ಯಾಕ್ಸಿಂಗ್ ಎರಡು ಮೂರು ದಿನ ಮೊದಲು. ಗಂಡಸರು ಗಡ್ಡ ಟ್ರಿಮ್ ಮಾಡದೆ ಬಂದರೆ ಒಳ್ಳೆಯದು. ಗಡ್ಡದ ಜೊತೆ ನಾಲ್ಕು ಫೋಟೋ ತೆಗೆದು, ಆಮೇಲೆ ಅಲ್ಲೇ ಕ್ಷೌರ ಮಾಡಿಕೊಂಡರೆ ಒಂದೇ ದಿನಕ್ಕೆ ಎರಡು ಲುಕ್.

ತಲೆಗೆ ಎಣ್ಣೆ ಹಚ್ಚುವವರು ಎರಡು ದಿನ ಮೊದಲೇ ನಿಲ್ಲಿಸಿ, ಹಿಂದಿನ ದಿನ ತೊಳೆದುಕೊಳ್ಳಿ. ಮದುವೆಮನೆಗೆ ಹೋಗಿ ಮೆಹಂದಿ ಹಾಕಿಸಿಕೊಂಡು ಬಂದರೆ ಆ ಕೈ ಎರಡು ವಾರ ಯಾವ ಕ್ಯಾಟಲಾಗಿಗೂ ಆಗುವುದಿಲ್ಲ. ಉಗುರು ಸಣ್ಣದಾಗಿ, ಬಣ್ಣ ಇಲ್ಲದೆ ಅಥವಾ ತಿಳಿ ಬಣ್ಣದಲ್ಲಿರಲಿ. ಕಾಲಿನ ಉಗುರು ಮರೆಯುವವರೇ ಹೆಚ್ಚು.

ಮೇಕಪ್ ಮಾಡುವವರಿಗೆ ಒಂದು ಮಾತು ಮೊದಲೇ ಹೇಳಿ: ಬಣ್ಣ ಏರಿಸಬೇಡಿ ಅಂತ. ಫೌಂಡೇಶನ್ ಕುತ್ತಿಗೆಯ ಬಣ್ಣಕ್ಕೆ ಕೂಡಬೇಕು. ಫೋಟೋ ನೋಡಿ ಕರೆಸಿದವರ ಮುಂದೆ ಬೇರೆ ಬಣ್ಣದ ಮುಖ ಹೊತ್ತು ನಿಂತರೆ ಕೆಲಸ ಹೋಗುತ್ತದೆ, ಮತ್ತೆ ಕರೆಯುವುದೂ ಇಲ್ಲ. ಆ ದಿನ ಬೆಳಗ್ಗೆ ಸನ್‌ಸ್ಕ್ರೀನ್ ಹಚ್ಚಿ ಬರಬೇಡಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೆದು ಮುಖಕ್ಕೆ ವಿಭೂತಿ ಬಳಿದ ಹಾಗೆ ಮಾಡಿಬಿಡುತ್ತವೆ. ಸ್ಟುಡಿಯೋದ ಒಳಗಂತೂ ಬಿಸಿಲಿಲ್ಲ. ನಿಮ್ಮದೇ ಮಸ್ಕಾರ, ಕಾಜಲ್ ತನ್ನಿ. ಒಂದೇ ಬ್ರಷ್ ಹತ್ತು ಜನರ ಕಣ್ಣಿಗೆ ಮುಟ್ಟಿಸುವ ಅಭ್ಯಾಸ ನಮ್ಮ ಕಸುಬಿನಲ್ಲಿ ಇನ್ನೂ ಹೋಗಿಲ್ಲ.

ಪೋಸು

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕನ್ನಡಿ ಮುಂದೆ ಜಾಸ್ತಿ ಅಭ್ಯಾಸ ಮಾಡಬೇಡಿ, ಕನ್ನಡಿ ಎಡಬಲ ತಿರುಗಿಸಿ ತೋರಿಸುತ್ತದೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ ವಿಡಿಯೋ ಮಾಡಿ, ದಿನಕ್ಕೆ ಹತ್ತು ನಿಮಿಷ ಸಾಕು.

ಮೈಭಾರ ಹಿಂದಿನ ಕಾಲಿನ ಮೇಲೆ ಹಾಕಿ. ಮುಂದಿನ ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ, ನಿಲುವು ಸಡಿಲವಾಗುತ್ತದೆ. ಗಲ್ಲವನ್ನು ಮೇಲೆತ್ತಬೇಡಿ, ಕ್ಯಾಮೆರಾ ಕಡೆ ಒಂದಿಷ್ಟು ಮುಂದಕ್ಕೆ ಚಾಚಿ ತುಸು ಕೆಳಗಿಳಿಸಿ. ನಿಮಗೆ ಆಮೆ ಕತ್ತು ಚಾಚಿದ ಹಾಗೆ ಅನಿಸುತ್ತದೆ, ಆದರೆ ಫೋಟೋದಲ್ಲಿ ದವಡೆಯ ಗೆರೆ ಚೊಕ್ಕವಾಗಿ ಬರುತ್ತದೆ. ತೋಳನ್ನು ಮೈಗೆ ಒತ್ತಬೇಡಿ, ಅಗಲ ಕಾಣುತ್ತದೆ. ಕೈಗೆ ಏನಾದರೂ ಕೆಲಸ ಕೊಡಿ: ಕಾಲರ್ ಸರಿ ಮಾಡುವುದು, ಬಳೆ ಸರಿಸುವುದು, ಹೆಬ್ಬೆರಳು ಹೊರಗಿಟ್ಟು ಜೇಬಿಗೆ ಕೈ ಹಾಕುವುದು. ಕ್ಲಿಕ್ ಆದ ಕೂಡಲೇ ಪೂರ್ತಿ ಪೋಸ್ ಬದಲಿಸುವವರಿದ್ದಾರೆ. ಹಾಗೆ ಬೇಡ. ಕಣ್ಣು ಮಾತ್ರ ಸರಿಸಿ, ಕ್ಲಿಕ್. ಭುಜ ಸ್ವಲ್ಪ ತಿರುಗಿಸಿ, ಕ್ಲಿಕ್. ಉಸಿರು ಬಿಗಿ ಹಿಡಿದರೆ ಕುತ್ತಿಗೆಯ ನರ ಎದ್ದು ನಿಲ್ಲುತ್ತದೆ, ಬಾಯಿಂದ ಮೆಲ್ಲಗೆ ಬಿಡುತ್ತಾ ಇರಿ. ನಗು ಸುಸ್ತಾದರೆ ಕಣ್ಣು ಮುಚ್ಚಿ, ಮೂರು ಎಣಿಸಿ ತೆರೆಯಿರಿ.

ಇಷ್ಟವಾದ ಹತ್ತು ಫೋಟೋಗಳನ್ನು ಫೋನಿನಲ್ಲಿ ಸೇವ್ ಮಾಡಿ ಫೋಟೋಗ್ರಾಫರ್‌ಗೆ ಮೊದಲೇ ಕಳಿಸಿ. ಆ ಮಾಡೆಲ್‌ಗಳ ಮೈಕಟ್ಟು ನಿಮ್ಮದಕ್ಕೆ ಹತ್ತಿರ ಇರಲಿ.

ಆ ದಿನ

ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಹೆಂಡ ದೂರ ಇರಲಿ. ಉಪ್ಪು ಜಾಸ್ತಿಯಾದರೆ ಬೆಳಗ್ಗೆ ಕಣ್ಣ ಕೆಳಗೆ ಊದಿಕೊಳ್ಳುತ್ತದೆ. ಬೆಳಗ್ಗೆ ಎರಡು ಇಡ್ಲಿ ತಿಂದೇ ಹೊರಡಿ. ಹೊಟ್ಟೆ ಚಪ್ಪಟೆ ಕಾಣಲಿ ಅಂತ ಉಪವಾಸ ಬಂದವರು ಎರಡನೇ ಲುಕ್ ಹೊತ್ತಿಗೆ ತಲೆ ಹಿಡಿದು ಕೂರುತ್ತಾರೆ.

ಸಡಿಲ ಬಟ್ಟೆ ಹಾಕಿ, ಮುಂದೆ ಗುಂಡಿ ಇರುವ ಶರ್ಟ್ ಆದರೆ ಉತ್ತಮ. ತಲೆ ಮೇಲಿಂದ ತೆಗೆಯುವ ಟೀ ಶರ್ಟ್‌ನಲ್ಲಿ ಬಂದರೆ ಮೇಕಪ್ ಎಲ್ಲ ಅದಕ್ಕೇ ಅಂಟುತ್ತದೆ. ಬಿಗಿ ಸಾಕ್ಸ್, ವಾಚ್, ಕೈಗೆ ಹಾಕಿಕೊಂಡ ರಬ್ಬರ್ ಬ್ಯಾಂಡ್ ಬೇಡ, ಅವುಗಳ ಗುರುತು ಹೋಗಲು ಬಹಳ ಹೊತ್ತು ಬೇಕು. ಕನ್ನಡಕದವರು ಮನೆಯಿಂದ ಹೊರಟಾಗಲೇ ತೆಗೆದಿಡಲು ಆಗುತ್ತದೆಯೇ ನೋಡಿ, ಮೂಗಿನ ಮೇಲಿನ ಎರಡು ಗುಳಿಗಳನ್ನು ಮೇಕಪ್ ಮುಚ್ಚುವುದಿಲ್ಲ.

ಬ್ಯಾಗಿನಲ್ಲಿ ಸೇಫ್ಟಿ ಪಿನ್, ಕ್ಲಿಪ್ಪುಗಳು, ಎರಡೂ ಕಡೆ ಅಂಟುವ ಟೇಪ್, ಸೂಜಿ ದಾರ, ಟಿಶ್ಯೂ, ಸ್ಯಾನಿಟರಿ ಪ್ಯಾಡ್, ಚಾರ್ಜರ್, ಬಾಳೆಹಣ್ಣು, ನೀರು, ಸ್ಟ್ರಾ ಇರಲಿ. ಲಿಪ್‌ಸ್ಟಿಕ್ ಕೆಡದಂತೆ ನೀರು ಕುಡಿಯಲು ಸ್ಟ್ರಾ. ಹೆಬ್ಬಾಳದಿಂದಲೋ ಸಿಲ್ಕ್ ಬೋರ್ಡ್ ಕಡೆಯಿಂದಲೋ ಬರುವವರು ಮ್ಯಾಪ್ ತೋರಿಸುವ ಸಮಯವನ್ನು ನಂಬಬೇಡಿ. ಒಂದು ಗಂಟೆ ತಡವಾದರೆ ಒಂದು ಲುಕ್ ಹೋಯಿತು ಅಂತಲೇ ಲೆಕ್ಕ.

ಮೊದಲ ಇಪ್ಪತ್ತು ಮೂವತ್ತು ಫೋಟೋ ಹಾಳು ಬರುತ್ತವೆ. ಎಲ್ಲರಿಗೂ ಹಾಗೇ. ಫೋಟೋಗ್ರಾಫರ್ ಬೆಳಕು ಸರಿ ಮಾಡಿಕೊಳ್ಳುತ್ತಿರುತ್ತಾರೆ, ನಿಮ್ಮ ಭುಜ ಇನ್ನೂ ಕಿವಿ ಹತ್ತಿರ ಇರುತ್ತದೆ. ಆಗಲೇ ಓಡಿ ಹೋಗಿ ಸ್ಕ್ರೀನ್ ನೋಡಬೇಡಿ. ಒಂದು ಲುಕ್ ಮುಗಿದ ಮೇಲೆ ಒಟ್ಟಿಗೆ ನೋಡಿ.

ಸೆರಗು, ಕೂದಲು ಸರಿ ಮಾಡುವವರು ಮುಟ್ಟುವ ಮೊದಲು ಕೇಳಬೇಕು. ಕೇಳದಿದ್ದರೆ "ಹೇಳಿ, ನಾನೇ ಮಾಡ್ಕೊಳ್ತೀನಿ" ಅನ್ನಿ. ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇದೆಯಾ ನೋಡಿ, ಒಳಗೆ ಯಾರದ್ದಾದರೂ ಫೋನ್ ಇಟ್ಟಿದ್ದರೆ ಹೊರಗೆ ಕೊಡಿ. ಒಪ್ಪಿಗೆ ಇಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲಾಗುವ ಅಪರಾಧ. ಅಂಥ ಪರಿಸ್ಥಿತಿ ಬಂದರೆ ಅಲ್ಲೇ ವಾದ ಮಾಡುತ್ತಾ ನಿಲ್ಲಬೇಡಿ. ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಫೋಟೋ ಬಂದ ಮೇಲೆ

ಆರಿಸುವಾಗ ಮನೆಯವರ ಮಾತು ಕೇಳಿದರೆ ಮದುವೆಗೆ ಕಳಿಸುವಂಥ ಫೋಟೋಗಳೇ ಉಳಿಯುತ್ತವೆ. ಫೋಟೋಗ್ರಾಫರ್ ಅಥವಾ ಈಗಾಗಲೇ ಕೆಲಸ ಮಾಡುತ್ತಿರುವ ಮಾಡೆಲ್ ಒಬ್ಬರನ್ನು ಕೇಳಿ. ಹತ್ತರಿಂದ ಹನ್ನೆರಡು ಸಾಕು, ಒಂದೇ ಥರದ್ದು ಎರಡು ಬೇಡ. ರಿಟಚ್‌ನಲ್ಲಿ ಇವತ್ತಿನ ಮೊಡವೆ ತೆಗೆಸಿ. ಮಚ್ಚೆ, ಹಳೆ ಗಾಯದ ಗುರುತು, ಚರ್ಮದ ರಂಧ್ರ ಇರಲಿ.

ಏಜೆನ್ಸಿಗೆ ಕಳಿಸುವಾಗ ನಾಲ್ಕೈದು ಶೂಟ್ ಫೋಟೋ, ನಾಲ್ಕು ಮೊಬೈಲ್ ಫೋಟೋ, ಎತ್ತರ, ಅಳತೆ, ಶೂ ಸೈಜ್, ಊರು, ಬರುವ ಭಾಷೆಗಳು, ಇಷ್ಟೇ ಬರೆಯಿರಿ. ಎತ್ತರಕ್ಕೆ ಎರಡು ಅಂಗುಲ ಸೇರಿಸಬೇಡಿ, ಮೊದಲ ಆಡಿಶನ್‌ನಲ್ಲೇ ಟೇಪ್ ಹಿಡಿಯುತ್ತಾರೆ. ಮೇಲ್‌ಗೆ ದೊಡ್ಡ ದೊಡ್ಡ ಫೈಲ್ ಅಂಟಿಸುವ ಬದಲು ಡ್ರೈವ್ ಲಿಂಕ್ ಕಳಿಸಿ. ಕಳಿಸುವ ಮೊದಲು ಆ ಲಿಂಕನ್ನು ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಅನುಮತಿ ಕೇಳುವ ಲಿಂಕ್ ಬಂದರೆ ಏಜೆನ್ಸಿಯವರು ಅನುಮತಿ ಕೇಳುತ್ತಾ ಕೂರುವುದಿಲ್ಲ, ಮುಂದಿನ ಮೇಲ್ ತೆರೆಯುತ್ತಾರೆ.